ಗಸಿ ಒಳ್ಳೆಯದಾಗಿದೆ, ಹುಕ್ರಪ್ಪ

ಇವರೇ,

ನೀವು ತೀರಿಹೋದ ಮೇಲೆ ಬಂಟ್ವಾಳದ ನಮ್ಮ ಹೋಟೆಲಿನ ಗಲ್ಲಾದಲ್ಲಿ ನಿಮ್ಮ ಜಾಗದಲ್ಲಿ ನಾನೇ ಕೂರುತ್ತೇನೆ. ಇವತ್ತು ಅಡುಗೆಯ ಹುಕ್ರಪ್ಪ ಚೀಲ ಹಿಡಿದುಕೊಂಡು ಬಂದು ನಿಂತ. "ಅಕ್ಕ, ನಾನು ಊರಿಗೆ, ಚಾರ್ಮಾಡಿಗೆ ಹೋಗ್ತೇನೆ. ಇನ್ನು ಬರುವುದಿಲ್ಲ" ಅಂದ.

"ಸಂಬಳ ಸಾಕಾಗುವುದಿಲ್ವಾ?"

"ಅದಲ್ಲ. ನಿತ್ಯಾನಂದಣ್ಣ ಇರುವಾಗ ದಿನಾ ತಿಂದು ನೋಡಿ ಒಳಗೆ ಬಂದು, ಇವತ್ತಿನ ಅಡುಗೆ ಹೀಗುಂಟು ಅಂತ ಹೇಳ್ತಿದ್ರು. ಈಗ ಯಾರಿಗೆ ಮಾಡ್ತೇನೆ ಅಂತಲೇ ಗೊತ್ತಾಗುವುದಿಲ್ಲ."

ನಾನು ಗಲ್ಲಾದಿಂದ ಎದ್ದೆ. ಗಿರಾಕಿಗಳ ಬೆಂಚಿನಲ್ಲಿ ಕೂತು ನೀರುದೋಸೆ, ಅದಕ್ಕೆ ನೆಂಚಿಕೊಳ್ಳಲು ಕಾಯಿ ಅರೆದು ಮಾಡಿದ ಕಡಲೆ ಗಸಿ ತರಿಸಿಕೊಂಡೆ. ಅವನು ಎದುರಿಗೇ ನಿಂತಿದ್ದ. ಪೂರ್ತಿ ತಿಂದು, "ಗಸಿ ಒಳ್ಳೆಯದಾಗಿದೆ, ಹುಕ್ರಪ್ಪ. ಉಪ್ಪು ಮಾತ್ರ ಸ್ವಲ್ಪ ಕಮ್ಮಿ" ಅಂದೆ.

ಅವನ ಮುಖ ಅರಳಿತು. "ಅಣ್ಣನೂ ಉಪ್ಪಿಗೇ ಹೇಳುತ್ತಿದ್ದದ್ದು" ಅನ್ನುತ್ತಾ ಚೀಲವನ್ನು ಒಳಗಿನ ಮೊಳೆಗೆ ತೂಗುಹಾಕಿ ಒಲೆಯ ಹತ್ತಿರ ಹೋದ.

ಅವನಿಗೆ ಹೇಳಿದ ಮೇಲೆ ನಿಮಗೂ, ಆಗ ಹೇಳದೆ ಉಳಿದ ಒಂದು ಮಾತು ಹೇಳಬೇಕೆನಿಸಿತು. ಬೆಳಿಗ್ಗೆ ಹೋಟೆಲು ತೆರೆಯಲು ಹೊರಡುವ ಮೊದಲು, ನಾನು ಏಳುವಷ್ಟರಲ್ಲಿ ಆರಬಾರದೆಂದು ನನ್ನ ಪಾಲಿನ ಚಾ ಮಾಡಿ ಮುಚ್ಚಿಟ್ಟು ಹೋಗುತ್ತಿದ್ದಿರಲ್ಲ, ಅದು ತುಂಬಾ ಒಳ್ಳೆಯದಿರುತ್ತಿತ್ತು.

ನಿಮ್ಮ
ಪ್ರೇಮಾವತಿ