ಹೆಣಕ್ಕೆ ದಾರಿ ಬಿಟ್ಟ ತಪ್ಪಿಗೆ

ಕೋಡಿಹಟ್ಟಿ, ದುರ್ಗದ ಹತ್ತಿರ
ಎರಡು ಸಾವಿರದ ಇನ್ನೂರ ಹನ್ನೊಂದನೆಯ ಇಸವಿ, ಫೆಬ್ರುವರಿ ಮೂವತ್ತು

ಪುಷ್ಪಲತಾ ಅಜ್ಜಿಗೆ, ನಿನಗಿಂತ ಏಳು ತಲೆಮಾರು ಈಚೆ ಹುಟ್ಟಿದ ಕೆಂಚಮ್ಮನ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡ. ನಿಮ್ಮ ಫೆಬ್ರುವರಿಗೆ ಮೂವತ್ತು ದಿನ ಇಲ್ಲವೆಂದು ಗೊತ್ತು. ನಮ್ಮವರು ತಿಂಗಳುಗಳನ್ನೆಲ್ಲ ಕೂಡಿಸಿ ಕಳೆದು ಸಮ ಮಾಡಿದ್ದಾರೆ. ನಿನಗೀಗ ಇಪ್ಪತ್ತಾರು ಇರಬೇಕು, ನನಗೆ ಐವತ್ತೆಂಟು. ನಾನು ನಿನ್ನನ್ನು ಅಜ್ಜಿ ಅಂದರೆ ನಗು ಬಂದೀತು, ಆದರೆ ಬೇರೆ ಏನೆಂದು ಕರೆಯಲಿ? ನನ್ನ ಕೆಲವು ಮಾತುಗಳು ನಿಮ್ಮ ಕಾಲಕ್ಕೆ ಹುಟ್ಟಿಯೇ ಇರಲಿಲ್ಲ. ಅವು ಬಂದಲ್ಲಿ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಆಗಿಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಸಲ, ಅದೂ ರಕ್ತಸಂಬಂಧದವರಿಗೆ ಮಾತ್ರ. ಎಲ್ಲರೂ ತೀರಿಹೋದ ತಾಯಿಗೆ ಬರೆಯುತ್ತಾರೆ. ನನಗೂ ಹಾಗೇ ಆಸೆ ಇತ್ತು. ಆದರೆ ನೀನು ದುರ್ಗದ ಬಸ್ ಸ್ಟ್ಯಾಂಡ್ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡು, ಇಂಗ್ಲಿಷ್ ಬಾರದವರಿಗೆ ಅರ್ಜಿ ತುಂಬಿಕೊಡುತ್ತೀಯೆಂದು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ಅದಕ್ಕೇ ಇರುವ ಒಂದೇ ಕಾಗದವನ್ನು ನಿನಗೆ ಬರೆಯುತ್ತಿದ್ದೇನೆ. ನನ್ನ ಚುಕ್ಕಾಣಿ ಚೀಟಿ ರದ್ದಾಗಿದೆ ಅಜ್ಜಿ. ಮಾಡಿದವನು ಬೇರೆ ಯಾರೂ ಅಲ್ಲ, ನನ್ನ ಒಡಹುಟ್ಟಿದ ತಮ್ಮ ಓಬಳೇಶ.

ಚುಕ್ಕಾಣಿ ಚೀಟಿ ಎಂದರೆ ಗಾಡಿಯನ್ನು ಮನುಷ್ಯರು ಕೈಯಾರೆ ನಡೆಸಲು ಕೊಡುವ ಅಪ್ಪಣೆ. ನಮ್ಮಲ್ಲಿ ಗಾಡಿಗಳೆಲ್ಲ ತಾವೇ ಓಡುತ್ತವೆ. ಇಡೀ ಜಿಲ್ಲೆಗೆ ಆ ಚೀಟಿ ಇದ್ದವರು ಹನ್ನೊಂದು ಜನ, ಅವರಲ್ಲಿ ಹೆಂಗಸು ನಾನೊಬ್ಬಳೇ. ಮತ್ತೆ ನಿನ್ನ ಗಾಡಿ ಯಾರು ಹತ್ತುತ್ತಾರೆ ಎಂದು ಕೇಳುತ್ತೀಯ. ಬಸುರಿಯರು ಹತ್ತುತ್ತಾರೆ. ತುಂಬಿದ ಬಸುರಿಯನ್ನು ತಾನೇ ಓಡುವ ಗಾಡಿಯಲ್ಲಿ ಒಬ್ಬಳೇ ಕೂರಿಸಿ ಕಳಿಸಲು ನಮ್ಮ ಕಡೆ ಯಾವ ಅತ್ತೆಗೂ ಧೈರ್ಯ ಬರುವುದಿಲ್ಲ. ಹಳ್ಳದ ಹತ್ತಿರ ನಿಧಾನ ಮಾಡುವುದು, ವಾಂತಿ ಬಂದರೆ ನಿಲ್ಲಿಸಿ ಬೆನ್ನು ಸವರುವುದು, ದಾರಿಯಲ್ಲಿ ಹುಣಸೆಕಾಯಿ ಕಂಡರೆ ಇಳಿದು ಕಿತ್ತುಕೊಡುವುದು ಅದಕ್ಕೆಲ್ಲಿ ಗೊತ್ತು? ಮೂವತ್ತಾರು ವರ್ಷದಿಂದ ಹೆಣ್ಣುಮಕ್ಕಳನ್ನು ತವರಿಗೆ ಮುಟ್ಟಿಸಿದ್ದೇನೆ. ಮೂರು ಮಕ್ಕಳು ನನ್ನ ಗಾಡಿಯಲ್ಲೇ ಹುಟ್ಟಿವೆ. ಅಮ್ಮ ಸತ್ತಾಗ ಓಬಳೇಶನಿಗೆ ಒಂಬತ್ತು ವರ್ಷ. ಅವನಿಗೆ ಊಟ ಹಾಕಿದ್ದು, ದೊಡ್ಡ ಶಾಲೆಗೆ ಸೇರಿಸಿದ್ದು, ಇಂಗ್ಲಿಷ್ ಓದಿಸಿದ್ದು ಇದೇ ಗಾಡಿ. ಚೀಟಿ ವಾಪಸು ಬರದಿದ್ದರೆ ನಾನು ಮನೆಯಲ್ಲಿ ಗೋಡೆ ನೋಡುತ್ತ ಕೂರಬೇಕು, ಅಷ್ಟೇ.

ಗೋಡೆ ಎಂದೆನಲ್ಲ, ನಮ್ಮಲ್ಲಿ ಅದೂ ಮಾತಾಡುತ್ತದೆ. ಬಾಗಿಲು, ಒಲೆ, ಆಸ್ಪತ್ರೆಯ ಮಂಚ, ರಸ್ತೆಯ ಕಂಬ, ಎಲ್ಲಕ್ಕೂ ಬಾಯಿ ಬಂದಿದೆ, ಅದೂ ಅಚ್ಚ ಕನ್ನಡದ ಬಾಯಿ. ಬಾರಮ್ಮ, ಕೂರಮ್ಮ, ಊಟ ಆಯಿತೇನಮ್ಮ ಎಂದು ಸಕ್ಕರೆಯಂಥ ಮಾತು. ಇಷ್ಟೆಲ್ಲ ಕನ್ನಡ ಕೇಳುತ್ತಿರುವಾಗ ಇಂಗ್ಲಿಷ್ ಯಾಕೆ ಕಲಿಯಬೇಕು ಎಂದು ನನ್ನಂಥವರು ಅದರ ಗೋಜಿಗೇ ಹೋಗಲಿಲ್ಲ. ಮೋಸ ಇರುವುದು ಅಲ್ಲೇ. ಆ ಮಾತು ಯಾವುದಕ್ಕೂ ಕಾನೂನಿನಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಬೆಲೆ ಇರುವುದು ಕಟ್ಟುಬರಹಕ್ಕೆ. ಯಾವುದಕ್ಕೆ ನಾವು ಕಟ್ಟುಬಿದ್ದಿದ್ದೇವೆ ಎಂದು ಹೇಳುವ ಬರಹ ಅದು, ಮತ್ತು ಅದಿರುವುದು ಇಂಗ್ಲಿಷಿನಲ್ಲಿ ಮಾತ್ರ. ಯಾವುದೋ ಯಂತ್ರ ಅದನ್ನು ತಪ್ಪಾಗಿ ಓದಿ ಹೇಳಿ ಯಾರದೋ ಮನೆ ಹೋಯಿತಂತೆ, ಅವತ್ತಿನಿಂದ ಯಂತ್ರಗಳು ಅದನ್ನು ಓದುವಂತಿಲ್ಲ. ಅದನ್ನು ಓದಿ ಹೇಳಲು, ನಮ್ಮ ಪರವಾಗಿ ಬರೆಯಲು ಸರ್ಕಾರ ನೇಮಿಸಿದ ಜನ ಇದ್ದಾರೆ, ಒಪ್ಪಕ್ಷರಿಗಳು ಎನ್ನುತ್ತಾರೆ. ನೀನು ಅಂಗಡಿಯಲ್ಲಿ ಕೂತು ಮಾಡುವ ಕೆಲಸವೇ, ಆದರೆ ಅವರಿಗೆ ಕುರ್ಚಿ ಇದೆ, ಮೊಹರು ಇದೆ, ಗತ್ತೂ ಇದೆ. ಓಬಳೇಶ ದುರ್ಗದಲ್ಲಿ ಒಪ್ಪಕ್ಷರಿ.

ಕಾರ್ತೀಕದಲ್ಲಿ ನಡೆದದ್ದು ಇದು. ಒಬ್ಬಳು ಬಸುರಿಯನ್ನು ಹಿರಿಯೂರಿಗೆ ಮುಟ್ಟಿಸಿ ಬರಿಗಾಡಿಯಲ್ಲಿ ವಾಪಸು ಬರುತ್ತಿದ್ದೆ. ಎದುರಿಗೆ ಹೆಣ ಬಂತು. ಮುಂದೆ ಉರುಮೆಯವರು, ಮಂಡಕ್ಕಿ ಎರಚುವವರು, ಹಿಂದೆ ನೂರಾರು ಜನ. ಹೆಣಕ್ಕೆ ಅಡ್ಡ ಹೋಗಬಾರದು, ಗಾಡಿ ಬದಿಗೆ ಹಾಕಿ, ಇಳಿದು, ಚಪ್ಪಲಿ ಬಿಟ್ಟು ನಿಲ್ಲಬೇಕು. ಇದನ್ನು ನಿನಗೆ ನಾನು ಹೇಳಬೇಕಿಲ್ಲ. ತಾನೇ ಓಡುವ ಗಾಡಿಗಳು ಹಾರನ್ ಮಾಡುತ್ತ ಆ ಜನರ ಪಕ್ಕದಲ್ಲೇ ನುಗ್ಗಿ ಹೋದವು. ನಾನು ಎಡಗಡೆ ಖಾಲಿ ಬಿದ್ದಿದ್ದ ಜಾಗಕ್ಕೆ ಗಾಡಿ ಹಾಕಿದೆ. ಅಲ್ಲಿಯ ಕಂಬ, ಬನ್ನಿ ಅಮ್ಮ, ನಿಧಾನವಾಗಿ ನಿಲ್ಲಿಸಿ ಎಂದಿತು. ಕಂಬದ ಪಕ್ಕ ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಬರೆದ ಬೋರ್ಡೂ ಇತ್ತು. ಚಪ್ಪಲಿ ಬಿಟ್ಟು ಕೈಮುಗಿದು ನಿಂತೆ. ಸತ್ತವರು ಬಾಳಿ ಬದುಕಿದ ಮುದುಕರಿರಬೇಕು, ಉರುಮೆಯವರು ಹತ್ತು ಹೆಜ್ಜೆಗೊಮ್ಮೆ ನಿಂತು ಬಾರಿಸುತ್ತಿದ್ದರು. ಕೊನೆಯವರು ದಾಟಿಹೋಗಲು ಇಪ್ಪತ್ತೆರಡು ನಿಮಿಷ ಹಿಡಿಯಿತು.

ಅದು ಒಪ್ಪುನೆಲವಂತೆ. ಖಾಸಗಿ ಕಂಪನಿಯ ಜಾಗ. ಅಲ್ಲಿ ಗಾಡಿ ನಿಲ್ಲಿಸಿ ಕೆಳಗಿಳಿದರೆ ಬೋರ್ಡಿನಲ್ಲಿ ಬರೆದದ್ದಕ್ಕೆಲ್ಲ ಒಪ್ಪಿದ ಹಾಗೆ. ಐದು ನಿಮಿಷ ಮೀರಿದರೆ ದಂಡ. ವಾರ ಕಳೆಯುವುದರೊಳಗೆ ಕಾಗದ ಬಂತು. ದಂಡ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಕಟ್ಟಿದರೆ ತಪ್ಪು ಮಾಡಿದೆನೆಂದು ಚೀಟಿಯ ಮೇಲೆ ಬರೆಯುತ್ತಾರೆ. ಸತ್ತವರಿಗೆ ದಾರಿ ಬಿಟ್ಟದ್ದನ್ನು ತಪ್ಪು ಎಂದು ಒಪ್ಪಿಕೊಳ್ಳಲು ನನ್ನ ಮನಸ್ಸು ಬರಲಿಲ್ಲ. ಮೇಲ್ಮನವಿ ಹಾಕೋಣ ಎಂದು ಓಬಳೇಶನ ಮನೆಗೆ ಹೋದೆ. ಅವನೆದುರು ಕೂತು ಎಲ್ಲ ಹೇಳಿದೆ: ಹೆಣ ಬಂತು ಅಂತ ಬರಿ, ಕಂಬ ಬಾ ಅಂದದ್ದನ್ನು ಬರಿ, ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಬೋರ್ಡು ತಿಳಿಯಲಿಲ್ಲ ಅಂತ ಮುಖ್ಯವಾಗಿ ಬರಿ. ಅವನು ಹೂಂಗುಟ್ಟುತ್ತ ಬರೆದ. ಮುಗಿದ ಮೇಲೆ ನಾನು ಹೇಳಿದ್ದನ್ನೇ ಕನ್ನಡದಲ್ಲಿ ಚಂದವಾಗಿ ಓದಿ ಹೇಳಿದ. ಕಟ್ಟುಬರಹಕ್ಕೆ ಕನ್ನಡದ ಸಹಿ ನಡೆಯುವುದಿಲ್ಲ, ನಾನು ಕಣ್ಣು ಮುಚ್ಚಿ ಹೆಬ್ಬೆಟ್ಟು ಒತ್ತಿದೆ. ಅವನ ಹೆಂಡತಿ ರತ್ನಮಾಲ ಒತ್ತಾಯ ಮಾಡಿ ಊಟಕ್ಕೆ ಕೂರಿಸಿದಳು, ಹೋಳಿಗೆ ಮಾಡಿದ್ದಳು.

ಸಂಕ್ರಾಂತಿ ಕಳೆದ ಮೇಲೆ ವಿಚಾರಣೆಯ ಅಧಿಕಾರಿಯ ಕರೆ ಬಂತು. ಅವಳ ದನಿ ಕೇಳಿದರೆ ಸಣ್ಣ ವಯಸ್ಸು, ಆದರೆ ಗಟ್ಟಿಗಿತ್ತಿ. ಗಾಡಿ ಕೆಟ್ಟು ನಿಂತಿತ್ತು ಎಂದು ಬರೆದಿದ್ದೀರಿ, ಗಾಡಿಯ ದಾಖಲೆ ನೋಡಿದರೆ ಅದು ಕೆಟ್ಟೇ ಇಲ್ಲ, ಸುಳ್ಳು ಹೇಳಿಕೆ ಕೊಟ್ಟದ್ದಕ್ಕೆ ಚೀಟಿ ರದ್ದು ಮಾಡಿದ್ದೇವೆ ಎಂದಳು. ನಾನು ಹಾಗೆ ಹೇಳಿಯೇ ಇಲ್ಲ, ನನಗೆ ಆ ಬೋರ್ಡು ಓದಲು ಬರುವುದಿಲ್ಲ ಎಂದೆ. ಅವಳು, ಓದಲು ಬಾರದವರಿಗೆ ಈ ದಂಡ ಹಾಕುವಂತಿಲ್ಲ ಎಂಬ ನಿಯಮವೇ ಇದೆಯಲ್ಲಮ್ಮ, ಅದೊಂದು ಸಾಲು ಬರೆದಿದ್ದರೆ ಅವತ್ತೇ ಮುಗಿಯುತ್ತಿತ್ತು, ನಿಮ್ಮ ಒಪ್ಪಕ್ಷರಿ ಹೇಳಲಿಲ್ಲವೇ ಎಂದು ಕೇಳಿದಳು. ಆ ನಿಯಮ ಇರುವುದೂ ಇಂಗ್ಲಿಷಿನಲ್ಲೇ ಅಜ್ಜಿ. ಓದಲು ಬಾರದವರನ್ನು ಕಾಯುವ ನಿಯಮವನ್ನು ಓದಲು ಬರುವವರ ಕೈಯಲ್ಲಿ ಕೊಟ್ಟು ಕೂತಿದ್ದಾರೆ.

ಸೀದಾ ಓಬಳೇಶನ ಮನೆಗೆ ಹೋದೆ. ಮೊದಲು ಯಂತ್ರದ ತಪ್ಪು ಅಂದ, ಆಮೇಲೆ ಅಧಿಕಾರಿಯ ತಪ್ಪು ಅಂದ, ಕೊನೆಗೆ ತಲೆ ಬಗ್ಗಿಸಿದ. ಹಿರಿಯ ಒಪ್ಪಕ್ಷರಿಯ ಹುದ್ದೆಗೆ ಅವನು ಅರ್ಜಿ ಹಾಕಿದ್ದಾನೆ. ಅದಕ್ಕೆ ಓದುಮನೆಯವರೇ ಆಗಬೇಕು, ಎಂದರೆ ಮನೆಯಲ್ಲಿ ತಲೆತಲಾಂತರದಿಂದ ಎಲ್ಲರಿಗೂ ಇಂಗ್ಲಿಷ್ ಓದಲು ಬರಬೇಕು. ಅವನು ನಿನ್ನ ಹೆಸರು ಬರೆದಿದ್ದಾನೆ. ಪುಷ್ಪಲತಾ ಎಂಬುವರ ಕಾಲದಿಂದ ನಮ್ಮದು ಓದುಮನೆ, ನಿರಕ್ಷರಿಗಳು ಯಾರೂ ಇಲ್ಲ ಎಂದು. ಹಾಗಿರುವಾಗ ಒಡಹುಟ್ಟಿದ ಅಕ್ಕನಿಗೇ ಓದು ಬಾರದು ಎಂದು ನನ್ನ ಕೈಯಾರೆ ಹೇಗೆ ಬರೆಯಲಿ, ನನ್ನ ಮಾನ ಏನಾಗಬೇಕು ಎಂದು ನನ್ನನ್ನೇ ಕೇಳಿದ. ನನ್ನ ಕನ್ನಡದ ಓದು ಬರಹ ಲೆಕ್ಕಕ್ಕಿಲ್ಲ, ಇಂಗ್ಲಿಷ್ ಅಕ್ಷರ ಬಾರದ್ದು ನಾಚಿಕೆಯಂತೆ. ಅವನಿಗೆ ಅಕ್ಷರ ಕಲಿಸಲು ನಾನು ಹಗಲೆಲ್ಲ ಗಾಡಿ ನಡೆಸಿದ್ದು ಅವನಿಗೆ ನೆನಪಾಗಲಿಲ್ಲ. ಹೊಟ್ಟೆ ಉರಿಯಿತು ಅಜ್ಜಿ, ಈಗಲೂ ಉರಿಯುತ್ತಿದೆ. ಕಂಪನಿಯವರು ಮೋಸ ಮಾಡಿದ್ದು ನನಗೆ ಅಷ್ಟು ತಟ್ಟಲಿಲ್ಲ, ಅವರು ನನಗೆ ಯಾರು? ಇವನು ನನ್ನ ಮಡಿಲಲ್ಲಿ ಬೆಳೆದವನು. ಅವತ್ತು ಓದಿ ಹೇಳುವಾಗ ಅವನ ದನಿ ಒಂದು ಚೂರೂ ನಡುಗಲಿಲ್ಲವಲ್ಲ, ಅದನ್ನು ನೆನೆಸಿಕೊಂಡರೆ ಅನ್ನ ಒಳಗಿಳಿಯುವುದಿಲ್ಲ.

ರದ್ದಾದ ಚೀಟಿ ವಾಪಸು ಪಡೆಯಲು ಇರುವುದು ಒಂದೇ ದಾರಿ. ಮೊದಲ ಮನವಿ ಬರೆದವನೇ, ತಾನು ಸುಳ್ಳು ಬರೆದೆ ಎಂದು ತಿದ್ದುಪಡಿ ಬರೆದುಕೊಡಬೇಕು. ಬೇರೆ ಕೈ ಆಗದು, ತೀರ್ಪು ಬರುವವರೆಗೆ ಇನ್ನೊಬ್ಬ ಒಪ್ಪಕ್ಷರಿಯಾಗಲಿ, ಇಂಗ್ಲಿಷ್ ಬಲ್ಲ ಬೇರೆ ಯಾರೇ ಆಗಲಿ ಆ ಹಾಳೆಯ ಮೇಲೆ ಕಣ್ಣು ಹಾಯಿಸುವಂತೆಯೂ ಇಲ್ಲ. ಹಾಗೆ ಬರೆದರೆ ಅವನ ಮೊಹರು ಹೋಗುತ್ತದೆ. ಬರೆಯದಿದ್ದರೆ ನನ್ನ ಚೀಟಿ ಶಾಶ್ವತವಾಗಿ ಹೋಗುತ್ತದೆ. ಮೂರು ದಿನ ಯೋಚನೆ ಮಾಡಿದೆ. ಅವನಿಗಿಬ್ಬರು ಮಕ್ಕಳು, ಕುರ್ಚಿ ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ, ಬಿಟ್ಟುಬಿಡಲೇ ಅನ್ನಿಸಿತು. ಅಷ್ಟರಲ್ಲಿ ಮೇಗಳಹಟ್ಟಿಯಿಂದ ಒಬ್ಬಳು ಅತ್ತೆ ಬಂದಳು. ಸೊಸೆಗೆ ಎಂಟು ತುಂಬಿದೆ, ಯಾವತ್ತು ಬರ್ತೀಯ ಕೆಂಚಕ್ಕ ಎಂದು ಕೇಳಿದಳು. ಆಗುವುದಿಲ್ಲ ಎಂದು ಹೇಳಲು ಬಾಯಿ ಬರಲಿಲ್ಲ. ಮಾರನೇ ಬೆಳಿಗ್ಗೆ ಓಬಳೇಶನ ಮನೆಗೆ ಹೋಗಿ, ನಿಜ ಬರಿ ಎಂದು ಅವನೆದುರು ಕೂತೆ. ಮಧ್ಯಾಹ್ನದವರೆಗೂ ನನ್ನ ಮುಖ ನೋಡಲಿಲ್ಲ. ರತ್ನಮಾಲ ಒಳಗೆ ಮೂಗು ಒರೆಸಿಕೊಳ್ಳುತ್ತಿದ್ದಳು. ಕೊನೆಗೆ ಹಾಳೆ ತೆಗೆದು ಬರೆದ. ಕನ್ನಡದಲ್ಲಿ ಓದಿಯೂ ಹೇಳಿದ: ನನ್ನಕ್ಕನಿಗೆ ಓದಲು ಬರುವುದಿಲ್ಲ, ಅವಳು ಹೆಣಕ್ಕೆ ದಾರಿ ಬಿಟ್ಟಳು, ಸುಳ್ಳು ಬರೆದವನು ನಾನು. ಓದುವಾಗ ಅತ್ತ. ನಾನು ಹೆಬ್ಬೆಟ್ಟು ಒತ್ತಿದೆ.

ಹೊರಗೆ ಬಂದು ತಾನೇ ಓಡುವ ಗಾಡಿಯೊಂದರಲ್ಲಿ ಕೂತ ಮೇಲೆ ಹೊಳೆಯಿತು. ಹೋದ ಸಲವೂ ಅವನು ಹೀಗೇ ಓದಿ ಹೇಳಿದ್ದ. ಅತ್ತದ್ದು ನಿಜವೇ ಇರಬಹುದು, ಆದರೆ ಯಾಕೆ ಅತ್ತ? ಬರೆದದ್ದಕ್ಕೋ, ಬರೆಯದೇ ಹೋದದ್ದಕ್ಕೋ?

ತೀರ್ಪು ಬರುವ ಸೋಮವಾರ. ಆ ಹಾಳೆಯ ನಕಲು ಇದರ ಜೊತೆ ಇಟ್ಟಿದ್ದೇನೆ, ಹೆಚ್ಚಿಲ್ಲ, ಹದಿನಾಲ್ಕು ಸಾಲು. ಅಂಗಡಿಯಲ್ಲಿ ಗಿರಾಕಿ ಕಡಿಮೆ ಇರುವಾಗ ಓದು. ಹಿಂದಂಚೆಯಲ್ಲಿ ಉತ್ತರ ಬರುವುದಿಲ್ಲ, ಆದ್ದರಿಂದ ಅದರಲ್ಲಿ ಏನಿದೆಯೆಂದು ನಿನ್ನ ಮಗಳಿಗೆ ಹೇಳು, ಅವಳು ತನ್ನ ಮಗಳಿಗೆ ಹೇಳಲಿ, ಬಾಯಿಂದ ಬಾಯಿಗೆ ಬಂದು ನನ್ನಜ್ಜಿಗೆ ಮುಟ್ಟಿದರೆ ಅವಳು ನನಗೆ ಹೇಳಿರುತ್ತಾಳೆ. ನನ್ನಜ್ಜಿ ನನಗೆ ಸಾವಿರ ಕಥೆ ಹೇಳಿದ್ದಾಳೆ. ಇದೊಂದನ್ನು ಹೇಳಿದ ನೆನಪು ನನಗಿಲ್ಲ. ಕಾಗದ ನಿನಗೆ ಸಿಗಲಿಲ್ಲವೋ, ಸಿಕ್ಕಿ ಓದಿದ ಮೇಲೆ ನನಗೆ ಗೊತ್ತಾಗುವುದು ಬೇಡವೆಂದು ನೀವೆಲ್ಲ ಸೇರಿ ಮುಚ್ಚಿಟ್ಟಿರೋ, ಯಾರನ್ನು ಕೇಳಲಿ?

ಇಂತು ನಿನ್ನ ಕುಡಿ,
ಕೆಂಚಮ್ಮ