ಬೆಂಗಳೂರಿನ ಓಟದ ಕೊನೆಯ ನೂಲು

ಹಲಗೂರು ಹೋಬಳಿ,
೧೮-೧-೧೯೪೪

ತಮ್ಮ ಹೊನ್ನಯ್ಯನಿಗೆ ಅಕ್ಕ ಹೊಂಬಾಳಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಕ್ಷೇಮ ಕೇಳಲು ನನಗೆ ಮುಖವಿಲ್ಲ. ಎರಡು ವರ್ಷದಿಂದ ಒಂದು ಕಾರ್ಡೂ ಹಾಕಲಿಲ್ಲ, ಮೊನ್ನೆ ಸಂಕ್ರಾಂತಿಗೆ ಎಳ್ಳೂ ಕಳಿಸಲಿಲ್ಲ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನಾಲ್ಕನೇ ಕ್ಲಾಸಿನ ಅಕ್ಷರ, ಓರೆಕೋರೆಯಾಗಿದೆ, ನಗಬೇಡ.

ನೀನು ಬೆಂಗಳೂರಿನಲ್ಲಿ ಓಡಿದ ಕಥೆಯನ್ನು ನಮಗೆ ಮೊದಲು ಹೇಳಿದವನು ಶಿವನಸಮುದ್ರದ ಕರೆಂಟು ಮನೆಯಲ್ಲಿ ಕೆಲಸ ಮಾಡುವ ನನ್ನ ಮೈದುನ ಮುದ್ದಯ್ಯ. ಭಾನುವಾರ ಸಂಜೆ ನಮ್ಮ ಜಗುಲಿಯಲ್ಲಿ ಕೇರಿಯವರೆಲ್ಲ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವನು ತಾನೇ ಎಂದು ಅವನು ಆಗ ಬಾಯಿಬಿಟ್ಟ.

"ಇಪ್ಪತ್ತಾರು ಮೈಲಿ ಕಣ್ರಲಾ!" ಅಂದ.

"ಗೆದ್ದೋರ್ಗೆ ಏನ್ ಕೊಡ್ತಾರೆ?" ಎಂದು ಪಕ್ಕದ ಮನೆಯ ಕೆಂಪಸಿದ್ದಯ್ಯ ಕೇಳಿದ.

"ಬೆಳ್ಳಿ ಬಟ್ಲು."

"ಅಷ್ಟೇಯಾ? ಮದ್ದೂರ್ಗೆ ಓಡಿದ್ರೆ ಬಿಸಿ ವಡೆನಾದ್ರೂ ಸಿಕ್ತಿತ್ತಲ್ಲೋ!"

ಹಿಂದೆ ಗ್ರೀಸ್ ಎಂಬ ದೇಶದಲ್ಲಿ ಒಬ್ಬ ಯುದ್ಧ ಗೆದ್ದ ಸುದ್ದಿ ಹೊತ್ತು ಊರಿನವರೆಗೆ ಓಡಿ, ಅದನ್ನು ಹೇಳಿ ಪ್ರಾಣಬಿಟ್ಟನಂತೆ. ಅವನ ನೆನಪಿಗೆ ಈ ಓಟವಂತೆ. "ಹಂಗಾದ್ರೆ ಅವ್ನೂ ನಮ್ ಹೊನ್ನಯ್ಯನಂಗೆ ಟಪಾಲಿನೋನೇ ಅನ್ನು" ಎಂದ ಕೆಂಪಸಿದ್ದಯ್ಯ. ಬೆಂಗಳೂರಿನಲ್ಲಿ ಮೊದಲ ವರ್ಷ ಬೆರಳೆಣಿಕೆಯ ಜನ ಓಡಿದ್ದರಂತೆ. ಈ ಸಲ ಮೈದಾನದ ತುಂಬ. ಗುರುತಿಲ್ಲದ ಹೆಂಗಸರು ದಾರಿಯುದ್ದಕ್ಕೂ ಮಜ್ಜಿಗೆ ಚೊಂಬು ಹಿಡಿದು ನಿಂತಿದ್ದರಂತೆ. "ಯಾರ್ ಮಗನೋ ಏನೋ, ಎಲ್ರೂ ಓಡಪ್ಪಾ ಓಡು ಅಂತಾರೆ. ಸುಮ್ನೆ ನೋಡೋಕ್ ನಿಂತೋನ್ಗೂ ಕಾಲು ತಡೀದು" ಎಂದ ಮುದ್ದಯ್ಯ.

ನೀನೇ ಎಲ್ಲರಿಗಿಂತ ಮುಂದೆ ಬಂದೆಯಂತೆ. ಕೇಳಿ ನನ್ನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ಕೊನೆಯಲ್ಲಿ ದಾರಿಗೆ ಅಡ್ಡವಾಗಿ ಒಂದು ನೂಲು ಕಟ್ಟಿದ್ದರಂತೆ. ಅದನ್ನು ಎದೆಯಿಂದ ಹರಿದವನೇ ಗೆದ್ದವನು. ನೀನು ಮಾತ್ರ ಅದರ ಮುಂದೆ ಗಕ್ಕನೆ ನಿಂತುಬಿಟ್ಟೆಯಂತೆ. ಜನ "ನುಗ್ಗಪ್ಪ! ನುಗ್ಗು!" ಎಂದು ಅರಚುತ್ತಿದ್ದಾಗಲೇ ಹಿಂದಿನಿಂದ ಒಬ್ಬ ಸಿಪಾಯಿ ಬಂದು ಹರಿದುಕೊಂಡು ಹೋದನಂತೆ.

"ಬೇವಿನ ಸೊಪ್ಪು ಕಟ್ಟಿದ್ರೇನ್ಲಾ ಆ ನೂಲ್ಗೆ?" ಎಂದು ಕೆಂಪಸಿದ್ದಯ್ಯ ಅಂದಾಗ ಜಗುಲಿಯೆಲ್ಲ ನಕ್ಕಿತು. ಮುದ್ದಯ್ಯ ನಗಲಿಲ್ಲ. "ನಾನೂ ಕೇಳ್ದೆ, ಯಾಕ್ಲಾ ನಿಂತೆ ಅಂತ. 'ಅಡ್ಡ ಕಟ್ಟಿದ್ ನೂಲ ದಾಟ್ಬಾರ್ದು ಕಣಣ್ಣ, ಒಂದ್ಸಲ ದಾಟಿ ಕಂಡಿವ್ನಿ' ಅಂದ" ಎಂದು ನನ್ನ ಕಡೆ ನೋಡಿದ.

ಎಲ್ಲರೂ ತಲೆ ತಗ್ಗಿಸಿದರು. ಎರಡು ವರ್ಷದ ಹಿಂದೆ, ವಾಂತಿಭೇದಿಯ ವರ್ಷ, ಹೊರಗಿನ ಮಾರಿ ಒಳಗೆ ಬರದಿರಲೆಂದು ಊರಬಾಗಿಲ ಹುಣಸೆಮರದಿಂದ ಅಡ್ಡಲಾಗಿ ಕಟ್ಟಿದ್ದ ಬೇವಿನ ಸೊಪ್ಪಿನ ನೂಲನ್ನು ದಾಟಿ ಟಪಾಲು ಚೀಲ ತಂದವನು ನೀನು. ಮಾರನೆಯ ದಿನ ನನ್ನ ಕೂಸು ಪುಟ್ಟಸ್ವಾಮಿ ತೀರಿಕೊಂಡ. "ನೀನೇ ಮಾರೀನ ತಂದೆ, ಇನ್ ನನ್ ಹೊಸ್ತಿಲು ತುಳೀಬ್ಯಾಡ" ಅಂದವಳು ನಾನು. ಅಂದಿನಿಂದ ನೀನು ಆ ಹುಣಸೆಮರದ ಹತ್ತಿರವೇ ಚೀಲ ಕೊಟ್ಟು ಹಿಂದಿರುಗುತ್ತೀಯ. ಟಪಾಲು ಹೊತ್ತು ಓಡಿ ಬರುವ ನಿನ್ನ ಕೈಯ ಈಟಿಯ ಗೆಜ್ಜೆ ಸದ್ದು ಅಲ್ಲಿಯವರೆಗೆ ಬಂದು ನಿಲ್ಲುವುದು ಒಲೆ ಮುಂದೆ ಕೂತ ನನಗೆ ದಿನವೂ ಕೇಳಿಸುತ್ತದೆ.

ಗೆಲ್ಲಬೇಕಿದ್ದ ತಮ್ಮನನ್ನು ನಾನೇ ತಡೆದು ನಿಲ್ಲಿಸಿದೆನಲ್ಲ! ಒಂದು ಸಲ ಮನೆಯೊಳಗೆ ಬಂದು ಅವರೆಕಾಳಿನ ಸಾರು ಉಂಡು ಹೋಗಪ್ಪ. ಈ ಕಾಗದವನ್ನು ನಿನಗೇ ತಿಳಿಯದಂತೆ ನಿನ್ನ ಟಪಾಲು ಚೀಲದಲ್ಲಿ ನೀನೇ ಹೊತ್ತು, ನೀನಿರುವ ಮಳವಳ್ಳಿಗೆ ಒಯ್ಯುತ್ತೀಯ. ದೇವರು ನಿನ್ನ ಕಾಲುಗಳನ್ನು ಚೆನ್ನಾಗಿಟ್ಟಿರಲಿ.

ಇಂತಿ ನಿನ್ನ ಅಕ್ಕ,
ಹೊಂಬಾಳಮ್ಮ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಜನ ಎದ್ದು ಹೋಗುವ ಮೊದಲೇ ನಮ್ಮತ್ತೆ ದೊಡ್ಡತಾಯಮ್ಮ ಎಲ್ಲರ ಮುಂದೆ ಅತ್ತುಬಿಟ್ಟರು. "ಹೊನ್ನಯ್ಯ ಬರೋಕ್ ಮುಂಚೇನೇ ಮಗ ವಾಂತಿ ಮಾಡ್ಕಂಡಿತ್ತು ಕಣವ್ವ. ನೀನು ನಾಟಿಗೆ ಓಗಿದ್ದೆ. ಹಲ್ಲು ಬತ್ತದೆ ಅಂದ್ಕಂಡು ಸುಮ್ಕಾದೆ. ಆಮೇಲೆ ನೀನ್ ಅವ್ನ ಬಯ್ವಾಗ ನಂಗೆ ಬಾಯೇ ಬರ್ನಿಲ್ಲ" ಅಂದರು. ಅವರನ್ನು ಏನೆಂದು ಬಯ್ಯಲಿ? ದೂರಲು ಒಬ್ಬ ಸಿಕ್ಕಿದನಲ್ಲ ಎಂದು ಅಂದು ನನ್ನ ಹೊಟ್ಟೆ ತಣ್ಣಗಾಗಿತ್ತು, ಹೊನ್ನಯ್ಯ. ಮಾರನೆಯ ಬೆಳಿಗ್ಗೆ ಕಥೆ ಕೇಳಿದವರೆಲ್ಲ ಹುಣಸೆಮರದ ಹತ್ತಿರ ಹೋದರು. ಕೊಂಬೆಯಲ್ಲಿ ಇನ್ನೂ ನೇತಾಡುತ್ತಿದ್ದ ಆ ಹಳೆಯ ನೂಲಿಗೆ ಕೈ ಹಾಕಲು ಗಂಡಸರು ಹಿಂದೆಮುಂದೆ ನೋಡುತ್ತ ನಿಂತಾಗ, ಅತ್ತೆಯೇ ಕುಡುಗೋಲಿನಿಂದ ಅದನ್ನು ಕೊಯ್ದರು.