ಮೂಲೆಯಿಲ್ಲದ ಹದಿನೇಳು ಕಾರ್ಡು

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ಪಾಪು ಈಗಷ್ಟೇ ಹೆಗಲ ಮೇಲೆ ನಿದ್ದೆಹೋಗಿದ್ದಾಳೆ. ಕೆಳಗಿಟ್ಟರೆ ಏಳುತ್ತಾಳೆಂದು ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಬೈಯಬೇಡ. ನಾಲ್ಕು ತಿಂಗಳಿಂದ ಸರಿಯಾಗಿ ಕಣ್ಣು ಮುಚ್ಚಿಲ್ಲ. ಅವಳು ಅತ್ತರೆ ಭಯ, ಅಳದಿದ್ದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಇನ್ನೂ ಭಯ.

ರಜೆ ಮುಗಿಯುತ್ತಾ ಬಂತಲ್ಲ, ಬರುವ ಸೋಮವಾರ ನಿಘಂಟು ಕಚೇರಿಗೆ ಹೋಗುತ್ತೀಯಾ ಎಂದು ಕೇಳಿದ್ದೀಯ. ಆ ಮೆಟ್ಟಿಲು ನೆನೆದರೇ ಹೇಸಿಗೆಯಾಗುತ್ತದೆ.

ಬಸುರಿಯಾಗಿದ್ದಾಗ 'ರಾಟ್' ಎಂಬ ಇಂಗ್ಲಿಷ್ ಪದದ ಬೆನ್ನು ಹತ್ತಿದ್ದೆನಲ್ಲ, ಗೇಟು ಮಾಡುವವರು ರಾಟ್ ಐರನ್ ಎನ್ನುವ ಅದೇ ರಾಟ್. ಅದು 'ವರ್ಕ್' ಎಂಬ ಕ್ರಿಯಾಪದದ ಹಳೆಯ ಭೂತಕಾಲದ ರೂಪ. ಸಾವಿರ ವರ್ಷದ ಹಿಂದೆ 'ವೊರ್ಹ್ತೆ' ಎನ್ನುತ್ತಿದ್ದರಂತೆ. ಆಡುತ್ತಾ ಆಡುತ್ತಾ ನಡುವಿನ ರಕಾರ ಸ್ವರವನ್ನು ದಾಟಿ ಮೊದಲಿಗೆ ಜಿಗಿಯಿತು, ಬರಬರುತ್ತಾ 'ರಾಟ್' ಆಯಿತು. ಆಮೇಲೆ ಜನ 'ವರ್ಕ್ಡ್' ಎನ್ನತೊಡಗಿದರು, ಹಳೆಯದು ಬಡಿದು ಮಾಡಿದ ಕಬ್ಬಿಣಕ್ಕೂ ಅಂಥ ನಾಲ್ಕಾರು ಮಾತಿಗೂ ಅಂಟಿಕೊಂಡು ಉಳಿಯಿತು. ವಾಂತಿ ಮಾಡಿಕೊಳ್ಳುತ್ತಲೇ ಆ ಪದದ ಹುಟ್ಟು, ಬಳಕೆಯನ್ನೆಲ್ಲ ನಿಘಂಟಿಗಾಗಿ ಹದಿನೇಳು ಕಾರ್ಡಿನಲ್ಲಿ ಬರೆದೆ. ನಮ್ಮಲ್ಲಿ ಕಾರ್ಡಿನ ಮೂಲೆಯಲ್ಲಿ ಬರೆದವರ ಸಹಿ ಇರುತ್ತದೆ. ನಿಘಂಟು ಅಚ್ಚಾಗುವಾಗ ಹೆಸರು ಹಾಕುವುದು ಅದನ್ನು ನೋಡಿಯೇ.

ಹೋದ ವಾರ ನಮ್ಮ ಸಂಪಾದಕರು, ಕಚೇರಿಯವರೆಲ್ಲ ಗೋಂದಿನ ಮೇಷ್ಟ್ರು ಎನ್ನುವವರು, ಮಗು ನೋಡಲು ಬಂದರು. ಬೆರಳಿಗೆ ಒಣಗಿದ್ದ ಗೋಂದನ್ನು ಕಿತ್ತು ಕಿತ್ತು ನಮ್ಮ ಹಾಸಿಗೆಯ ಮೇಲೇ ಉದುರಿಸಿದರು. ಅದೇ ಬೆರಳಿನಿಂದ ಪಾಪುವಿನ ಕೆನ್ನೆ ಹಿಂಡಿದರು. ಆಮೇಲೆ ಚೀಲದಿಂದ ನನ್ನ ಕಾರ್ಡುಗಳನ್ನು ತೆಗೆದು, "ನಿಂಗೆ ಮಗು ಸಿಕ್ತಲ್ಲಮ್ಮ, ಪದ ನಂಗಿರ್ಲಿ ಬಿಡು" ಎಂದರು. ನಮ್ಮವರು ಹಲ್ಲು ಕಿರಿಯುತ್ತಾ ಇನ್ನೊಂದು ಲೋಟ ಚಹಾ ತಂದಿಟ್ಟರು. ಆ ಹಲ್ಲು ಕಣ್ಣಮುಂದೆ ಬಂದರೆ ಈಗಲೂ ಅನ್ನ ಸೇರುವುದಿಲ್ಲ.

ಮೇಷ್ಟ್ರು ಹೊರಡುವಾಗ ಹದಿನೇಳು ಕಾರ್ಡಿಗೂ ಮೂಲೆ ಇರಲಿಲ್ಲ.

ಹೊದಿಕೆಯನ್ನು ಮೂರು ಸಲ ಒಗೆದೆ. ಗೋಂದಿನ ವಾಸನೆ ಹೋಗಿಲ್ಲ. ನಮ್ಮವರಿಗೆ ಯಾವ ವಾಸನೆಯೂ ಬರುವುದಿಲ್ಲವಂತೆ, ಬಾಣಂತಿಯ ಮೂಗು ಎಂದು ನಗುತ್ತಾರೆ. ಇಂಥವರ ಎದುರು ಹೋಗಿ ಹೇಗೆ ಕೂರಲಿ, ನೀನೇ ಹೇಳು.

ಕಣ್ಣುರಿಯಲ್ಲೇ ಬರೆದ,
ನಿನ್ನ ತಂಗಿ

ತಾ.ಕ.: ಮೂಲೆ ಇರಲಿಲ್ಲ ಎಂದು ಬರೆದು ಜಾರಿಕೊಂಡೆ ಅಕ್ಕಾ. ಮೇಷ್ಟ್ರು ಕತ್ತರಿಸಲಿಲ್ಲ. ರಜೆ ಮುಗಿದ ಮೇಲೆ ಕಚೇರಿಯಲ್ಲಿ ನನ್ನ ಜಾಗ ಇರುತ್ತದೋ ಇಲ್ಲವೋ ಎಂದಷ್ಟೇ ಹೇಳಿ ಚಹಾ ಹೀರಿದರು. ಪಾಪುವಿನ ಉಗುರು ತೆಗೆಯುವ ಕತ್ತರಿ ಹುಡುಕಿ ತಂದವಳು ನಾನು. ಹದಿನೇಳರ ಮೂಲೆಯನ್ನೂ ಗೆರೆ ಎಳೆದ ಹಾಗೆ ಕತ್ತರಿಸಿದೆ. "ಎಷ್ಟು ಚೊಕ್ಕ ಕೈ ನಿಂದು" ಎಂದರು. ನಾನು ಥ್ಯಾಂಕ್ಸ್ ಸರ್ ಎಂದೆ.